ಹತ್ತೊಂಬತ್ತು ಚೀಲ, ಮೂವತ್ತೊಂದು ಮುದ್ರೆ

ಹತ್ತೊಂಬತ್ತು.

ವೇದವಲ್ಲಿ ನೀಲಿ ಬಲೆಯ ಅಂಚು ಎತ್ತಿ ಮತ್ತೊಮ್ಮೆ ಎಣಿಸಿದಳು. ಕಾಗೆ ಕುಕ್ಕದಿರಲೆಂದು ಕಸದ ಚೀಲಗಳ ಮೇಲೆ ಹೊದಿಸಿದ ಬಲೆ ಅದು. ಪ್ರತಿ ಚೀಲದ ಮೇಲೂ ಮನೆಯ ಹೆಸರು ಬರೆಯಬೇಕೆಂಬುದು ಈ ಊರಿನ ಕಟ್ಟಳೆ. ಹತ್ತೊಂಬತ್ತು ಚೀಲ, ಹತ್ತೊಂಬತ್ತು ಹೆಸರು. ಮಂಗಳವಾರವೂ ಇಷ್ಟೇ ಇತ್ತು. ಇಂದು ಶುಕ್ರವಾರ, ಇಂದೂ ಇಷ್ಟೇ.

ಮೊಬೈಲ್ ತೆಗೆದು ನಿನ್ನೆ ಸಂಜೆ ಹಿಡಿದ ಫೋಟೋ ದೊಡ್ಡದು ಮಾಡಿದಳು. ಅದರಲ್ಲಿ ಮೂವತ್ತೊಂದು.

ಫೋಟೋ ಕೇರಿಯ ಸುತ್ತೋಲೆ ಹಲಗೆಯದು. ವಾರಕ್ಕೊಮ್ಮೆ ಒಂದು ರಟ್ಟಿನ ಹಲಗೆ ಮನೆಯಿಂದ ಮನೆಗೆ ಹೋಗುತ್ತದೆ. ಹಂದಿ ಕಾಟ, ನೀರು ನಿಲ್ಲುವ ದಿನ, ಯಾರದೋ ತಿಥಿ, ಎಲ್ಲ ಅದರಲ್ಲಿರುತ್ತದೆ. ಓದಿದ ಮನೆಯವರು ತಮ್ಮ ಹೆಸರಿನೆದುರಿನ ಚೌಕದಲ್ಲಿ ತಾರೀಖು ಬರೆದು, ಸಹಿಯ ಬದಲಿಗೆ ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಿ, ಪಕ್ಕದ ಮನೆಗೆ ಕೊಡಬೇಕು. ಕೆಳಕೇರಿಯ ಹಲಗೆಯಲ್ಲಿ ಮೂವತ್ತೊಂದು ಮನೆ. ಮೂವತ್ತೊಂದೂ ಮುದ್ರೆ ಒತ್ತಿವೆ, ಒಂದು ವಾರವೂ ತಪ್ಪಿಲ್ಲ.

ಒತ್ತುವ ಕೈ ಇದ್ದಮೇಲೆ ಉಣ್ಣುವ ಬಾಯಿ ಇರಬೇಕು. ಉಂಡಮೇಲೆ ಕಸ ಇರಬೇಕು. ಹನ್ನೆರಡು ಮನೆಗಳು ಉಣ್ಣದೆ, ಉಗುಳದೆ, ಮುದ್ರೆಯನ್ನು ಮಾತ್ರ ಒತ್ತುತ್ತಿದ್ದವು.

ಆ ಹನ್ನೆರಡರಲ್ಲೊಂದು ಸಿದ್ದಪ್ಪನ ಮನೆ. ಕೊಳ್ಳೇಗಾಲದ ಸಿದ್ದಪ್ಪ, ಇಲ್ಲಿನ ಮೀನಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು, ಕಾಣೆಯಾಗಿ ಐದು ವಾರ. ಟೋಕಿಯೋದ ಓಜಿಮಾದಲ್ಲಿರುವ ಅವನ ತಂಗಿ ತಾರಾ ಬಂದು ಕೈ ಹಿಡಿದದ್ದರಿಂದಲೇ ವೇದವಲ್ಲಿ ಈ ಕಡಲೂರಿಗೆ ಬಂದಿದ್ದಳು.

ಪೊಲೀಸರು ದೂರನ್ನೇ ಬರೆದುಕೊಂಡಿರಲಿಲ್ಲ. "ಕೇರಿಯ ಹಲಗೆಯಲ್ಲಿ ವಾರವಾರವೂ ಮುದ್ರೆ ಬೀಳ್ತಿದೆ. ಮುದ್ರೆ ಇದ್ದಮೇಲೆ ಮನುಷ್ಯ ಇದಾನೆ," ಎಂದು ಕಳಿಸಿದ್ದರು.

ಅದನ್ನು ತಾನೂ ನಂಬಿದ್ದೇ ಈಗ ವೇದವಲ್ಲಿಯ ಎದೆಯಲ್ಲಿ ಮುಳ್ಳಾಡಿಸುತ್ತಿತ್ತು. ನಿನ್ನೆ ಸಂಜೆ ಹಲಗೆ ಅವಳು ಇಳಿದುಕೊಂಡಿದ್ದ ವಸತಿಮನೆಗೆ ಬಂದಾಗ, ಸಿದ್ದಪ್ಪನ ಹೆಸರಿನೆದುರು ಹಸಿ ಕೆಂಪು ಕಂಡದ್ದೇ ತಡ, ತಾರಾಗೆ ಫೋನ್ ಮಾಡಿ ಹೇಳಿಬಿಟ್ಟಿದ್ದಳು: "ನಿಮ್ಮಣ್ಣ ಬದುಕಿದಾನೆ ಕಣೇ. ಇಲ್ಲೇ ಎಲ್ಲೋ ಇದಾನೆ."

ಆ ಕಡೆಯಿಂದ ಬಂದದ್ದು ಮೂಗು ಸೀಟುವ ಸದ್ದು ಮಾತ್ರ.

ಬಲೆ ಇಳಿಬಿಟ್ಟು ವೇದವಲ್ಲಿ ಸೊಂಟ ನೆಟ್ಟಗೆ ಮಾಡಿದಳು. ಐವತ್ತಾರು ವರ್ಷದ ಸೊಂಟ. ಗಂಡನ ಕೆಲಸದ ಬೆನ್ನು ಹಿಡಿದು ಮೈಸೂರಿನಿಂದ ಬಂದು ಇಪ್ಪತ್ತೆರಡು ವರ್ಷ. ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ನಮ್ಮ ಜನರಿಗೆ ಜಪಾನಿ ಮಾತು ದಾಟಿಸುತ್ತ ದಾಟಿಸುತ್ತ, ಕಾಗದದ ಹಿಂದೆ ಕೂತ ಸುಳ್ಳನ್ನು ಎಳೆದು ತರುವುದೇ ಅವಳ ಕಸುಬಾಗಿಹೋಗಿತ್ತು.

ಹಮಾಕುರೆ ಎಂಬ ಆ ಊರಿಗೆ ಬೆನ್ನಿಗೆ ಗುಡ್ಡ, ಎದುರಿಗೆ ಕಡಲು, ನಡುವೆ ಒಂದೇ ರಸ್ತೆ. ಗುಡ್ಡದ ಬುಡಕ್ಕೆ ಮೇಲ್ಕೇರಿ, ರಸ್ತೆಬದಿಗೆ ನಡುಕೇರಿ, ಹೊಳೆ ಕಡಲು ಸೇರುವಲ್ಲಿ ಕೆಳಕೇರಿ. ಜಪಾನಿ ಹೆಸರುಗಳನ್ನು ವೇದವಲ್ಲಿ ತನ್ನ ಅನುಕೂಲಕ್ಕೆ ಕನ್ನಡ ಮಾಡಿಕೊಂಡಿದ್ದಳು. ಸುನಾಮಿಗೆ ಹೆದರಿ ಕಡಲಿಗೂ ಕೇರಿಗೂ ನಡುವೆ ಆರಾಳೆತ್ತರದ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದರು. ಕಡಲೂರಿನಲ್ಲಿ ಕಡಲೇ ಕಾಣದು. ಸದ್ದು ಮಾತ್ರ ಬರುತ್ತದೆ, ಪಕ್ಕದ ಮನೆಯಲ್ಲಿ ಯಾರೋ ದಿನವಿಡೀ ಚಾಪೆ ಕೊಡವುತ್ತಿರುವ ಹಾಗೆ.

ಊರಾಡಳಿತದ ಕಚೇರಿಯ ಬಾಗಿಲಲ್ಲಿ ಜನಸಂಖ್ಯೆಯ ಹಲಗೆ ಇತ್ತು. ಸಾವಿರದ ಮೂರು. ಸಾವಿರಕ್ಕಿಂತ ಕೆಳಗಿಳಿದರೆ ಊರಿಗಿರುವ ಒಂದೇ ಆಸ್ಪತ್ರೆಗೆ ಬೀಗ, ಆಡಳಿತ ಪಕ್ಕದ ಪಟ್ಟಣಕ್ಕೆ. ಅಲ್ಲಿನ ಗುಮಾಸ್ತ ಮಿಜುತಾ ಸಾನ್ (ಗೌರವಕ್ಕೆ ಇಲ್ಲಿ ಎಲ್ಲರ ಹೆಸರಿಗೂ ಒಂದು ‘ಸಾನ್’) ಇದನ್ನು ನಾಳೆ ಮಳೆ ಬರಬಹುದು ಎನ್ನುವ ಧಾಟಿಯಲ್ಲಿ ಹೇಳಿದ್ದ.

ಮನೆಗೊಬ್ಬರೆಂದರೂ ಸಾವಿರದ ಮೂರರಲ್ಲಿ ಹನ್ನೆರಡು ಕಳೆದರೆ ಒಂಬೈನೂರ ತೊಂಬತ್ತೊಂದು. ಈ ಲೆಕ್ಕ ಮಾಡಲು ಪತ್ತೇದಾರಿಕೆ ಬೇಕಿರಲಿಲ್ಲ. ಕಸ ಮುಟ್ಟುವ ಮನಸ್ಸಿದ್ದರೆ ಸಾಕಿತ್ತು.

ಹಲಗೆಯ ಯಾತ್ರೆ ಶುರುವಾಗುವುದೂ ಮುಗಿಯುವುದೂ ಒಂದೇ ಮನೆಯಲ್ಲಿ. ವೇದವಲ್ಲಿ ಆ ಕಡೆ ನಡೆದಳು.

*

"ಕಸ ಎಣಿಸಿ ಆಯ್ತಾ?"

ಬಾಗಿಲು ತೆರೆದ ಓಕುದಾ ಸಾನ್ ಕೇಳಿದ ಮೊದಲ ಮಾತೇ ಅದು. ಕೆಳಕೇರಿಯ ಮುಖ್ಯಸ್ಥೆ, ಎಪ್ಪತ್ತೊಂಬತ್ತು ವರ್ಷ, ಬಾಗಿದ ಬೆನ್ನು, ಬಾಗದ ನಾಲಿಗೆ.

"ಸುಮಿಮಾಸೆನ್, ಕ್ಷಮಿಸಿ. ಕಿಟಕಿಯಿಂದ ನೋಡಿದ್ರಾ?"

"ಈ ಕೇರೀಲಿ ನೋಡೋಕೆ ಬೇರೆ ಏನಿದೆ? ಒಳಗೆ ಬನ್ನಿ. ಟೋಕಿಯೋದವರು ಹೀಗೇ. ಎಣಿಸೋಕೆ ಬರ್ತೀರಿ, ಇರೋಕೆ ಬರಲ್ಲ."

ಒಳಗೆ ತಗ್ಗು ಮೇಜು, ಮೇಜಿನಡಿ ಹೀಟರು, ಅದರ ಮೇಲೆ ಹೊದಿಸಿದ ರಜಾಯಿ. ಕಾಲು ತೂರಿಸಿ ಕೂತರೆ ಮೊಣಕಾಲಿನವರೆಗೆ ಬೇಸಿಗೆ, ಮೇಲೆಲ್ಲ ಜನವರಿ. ಮುದುಕಿ ಟೀ ಬಗ್ಗಿಸಿ ಕಿತ್ತಳೆ ಹಣ್ಣಿನ ಬುಟ್ಟಿ ಮುಂದೆ ತಳ್ಳಿದಳು. ಪಕ್ಕದ ಕೋಣೆಯ ಕಾಗದದ ಬಾಗಿಲಾಚೆ ಯಾರೋ ಕೆಮ್ಮಿದರು.

"ನಮ್ಮ ಮನೆಯವರು. ನಾಲ್ಕು ವರ್ಷದಿಂದ ಹಾಸಿಗೆ. ಮಂಗಳವಾರ, ಶುಕ್ರವಾರ ಡಾಕ್ಟರ್ ಬಂದು ಹೋಗ್ತಾರೆ. ಈಗ ತಾನೇ ಹೋದ್ರು."

"ಹಲಗೇಲಿ ಮೂವತ್ತೊಂದು ಮುದ್ರೆ ಇದೆ, ಓಕುದಾ ಸಾನ್."

"ಇರುತ್ತೆ. ನಮ್ಮ ಕೇರಿ ಶಿಸ್ತಿನ ಕೇರಿ."

"ಕಸದ ಚೀಲ ಹತ್ತೊಂಬತ್ತೇ."

ಓಕುದಾ ಸಾನ್ ಒಂದು ಕಿತ್ತಳೆ ತೆಗೆದು ಸಿಪ್ಪೆ ಬಿಡಿಸತೊಡಗಿದಳು. ಒಂದೇ ಎಳೆಯಾಗಿ, ಹೂವಿನ ಆಕಾರಕ್ಕೆ. "ಮುದುಕರು ಕಮ್ಮಿ ತಿಂತಾರೆ. ಎರಡು ವಾರಕ್ಕೊಂದು ಚೀಲ ಹಾಕೋರೂ ಇದಾರೆ."

"ಆ ಹನ್ನೆರಡು ಮನೆಯವರು ಮುದುಕರಲ್ಲ. ವಿಯೆಟ್ನಾಮಿನ ನಾಲ್ವರು, ನೇಪಾಳದ ಐವರು, ನಮ್ಮವರು ಮೂವರು. ಮೂವತ್ತು ದಾಟದ ಹುಡುಗರೇ ಹೆಚ್ಚು. ಅವರು ಕಮ್ಮಿ ತಿಂತಾರಾ? ಅವರ ಮನೆಗಳ ಗ್ಯಾಸ್ ಮೀಟರ್ ನೋಡಿ ಬಂದೆ. ಮುಳ್ಳು ಅಲ್ಲಾಡಿಲ್ಲ. ಒಂದರ ಬಾಗಿಲ ಸಂದಿಗೆ ಜೇಡ ಬಲೆ ಕಟ್ಟಿದೆ, ಹಳೇ ಬಲೆ."

ಮುದುಕಿ ತೊಳೆ ಬಾಯಿಗಿಡಲಿಲ್ಲ.

"ಮುದ್ರೆ ಒತ್ತೋದು ನೀವೇ."

ಕೆಮ್ಮು ನಿಂತಿತು. ಗೋಡೆಯಾಚೆಯ ಚಾಪೆ ಕೊಡವುವ ಸದ್ದು ನಿಲ್ಲಲಿಲ್ಲ.

"ಖಾಲಿ ಬಿಟ್ರೆ ನಾನು ಕಚೇರಿಗೆ ಬರೆದು ಕಳಿಸಬೇಕು," ಎಂದಳು ಓಕುದಾ ಸಾನ್ ಕೊನೆಗೆ. "ಮೂರು ವಾರ ಮುದ್ರೆ ಇಲ್ಲ ಅಂದ್ರೆ ಕಚೇರಿಯೋರು ಬಂದು ಬಾಗಿಲು ತಟ್ಟಬೇಕು. ಒಳಗೆ ಯಾರೂ ಇಲ್ಲ ಅಂದ್ರೆ ಪಟ್ಟಿಯಿಂದ ಹೆಸರು ಹೊಡೆದುಹಾಕಬೇಕು. ಹೆಸರು ಹೊಡೆದ್ರೆ ಊರು ಸಾವಿರದಿಂದ ಕೆಳಗೆ. ಆಮೇಲೆ ನಮ್ಮೋರಿಗೆ ಡಾಕ್ಟರ್ ಬರಲ್ಲ. ಇದನ್ನ ಕೇರಿಯ ಹತ್ತೊಂಬತ್ತು ಮನೆಯೋರೂ ಬಲ್ಲರು. ಯಾರೂ ಮಾತಾಡಿಲ್ಲ. ನೀವೂ ಮಾತಾಡಬೇಡಿ."

ವೇದವಲ್ಲಿಗೆ ಸಿಟ್ಟು ಬಂತು. ಬಂದದ್ದು ಈ ಮುದುಕಿಯ ಮೇಲೋ, ಬಾಗಿಲಲ್ಲಿ ಅಂಕಿ ನೇತುಹಾಕಿ ಬದುಕಿರಿ ಎನ್ನುವ ಸರ್ಕಾರದ ಮೇಲೋ, ಅವಳಿಗೇ ತಿಳಿಯಲಿಲ್ಲ. ಊರಿಗೆ ಜನ ಬೇಕು. ಆದರೆ ಅವರ ಕಸ ಬೇಡ, ಕೆಮ್ಮು ಬೇಡ, ಮಸಾಲೆ ವಾಸನೆ ಬೇಡ. ಹೆಸರು ಇಲ್ಲಿರಲಿ, ಮೈ ಎಲ್ಲಾದರೂ ದುಡಿದು ಸವೆಯಲಿ. ತಲೆ ಎಣಿಸುವವನಿಗೆ ಆ ತಲೆಯಲ್ಲಿ ಕಣ್ಣಿದೆ ಎಂಬುದೇ ಮರೆತುಹೋಗುತ್ತದೆ.

ಅವಳು ಕಪ್ಪು ಕೆಳಗಿಟ್ಟಳು.

"ಓಕುದಾ ಸಾನ್, ಆ ಹಲಗೆ ಮಾಡಿದ್ದು ಯಾಕೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಬ್ಬೊಬ್ಬರೇ ಇರೋ ಮನೇಲಿ ಏನಾದ್ರೂ ಆದ್ರೆ ಗೊತ್ತಾಗಲಿ ಅಂತ. ಖಾಲಿ ಚೌಕವೇ ಅವರ ಕೂಗು. ನನಗೆ ಓಜಿಮಾದಲ್ಲಿ ಹನ್ನೊಂದನೇ ಮಹಡೀಲಿ ಮನೆ. ಅಲ್ಲಿ ಇಂಥ ಹಲಗೆ ಇಲ್ಲ. ನಾನು ಸತ್ತರೆ ಪಕ್ಕದ ಮನೆಗೆ ವಾಸನೆ ಹೋಗೋವರೆಗೂ ಯಾರಿಗೂ ಗೊತ್ತಾಗಲ್ಲ. ನಿಮ್ಮೂರಲ್ಲಿ ಅದು ಇತ್ತು. ಸಿದ್ದಪ್ಪನ ಚೌಕ ಖಾಲಿ ಬಿಟ್ಟಿದ್ರೆ ಇಷ್ಟು ಹೊತ್ತಿಗೆ ಪೊಲೀಸರು ಅವನನ್ನ ಹುಡುಕ್ತಾ ಇರ್ತಿದ್ರು. ನೀವು ಅವನ ಬಾಯಿ ಮುಚ್ಚಿದ್ರಿ. ಐದು ವಾರ, ಐದು ಸಲ."

ಮುದುಕಿಯ ಕೈಯ ತೊಳೆ ಮೇಜಿಗೆ ಬಿತ್ತು.

"ಸಿದ್ದಾ ಸಾನ್ ಒಬ್ಬನೇ ಇಲ್ಲಿ ನಿಜವಾಗಿ ಇದ್ದೋನು," ಎಂದಳು. ದನಿ ಸಣ್ಣಗಾಗಿತ್ತು. "ಉಳಿದ ಹನ್ನೊಂದು ಜನರ ಮುಖ ನಾನು ನೋಡೇ ಇಲ್ಲ. ಅವನು ಬರ್ತಿದ್ದ. ನಮ್ಮೋರ ಮಂಚದ ಚಕ್ರ ಸರಿ ಮಾಡಿಕೊಟ್ಟ. ನೀವು ಕೂತಿದೀರಲ್ಲ, ಅಲ್ಲೇ ಕೂತು ನೀವು ಕೇಳಿದ್ದನ್ನೇ ಅವನೂ ಕೇಳಿದ. ‘ಅಜ್ಜಿ, ನಮ್ಮ ದೇಶದ ಇಬ್ಬರು ಈ ಕೇರೀಲಿದಾರೆ ಅಂತ ಹಲಗೇಲಿದೆ. ಹಬ್ಬ, ಊಟಕ್ಕೆ ಕರೆಯೋಣ ಅಂತ ಹೋದೆ. ಬಾಗಿಲು ತಟ್ಟಿ ತಟ್ಟಿ ಕೈ ನೋವು ಬಂತು. ಎಲ್ಲಿಗೆ ಹೋದ್ರು?’ ಅಂತ."

"ಯಾವ ಹಬ್ಬ?"

"ಎಳ್ಳು, ಬೆಲ್ಲ ಅಂತೇನೋ ಹೇಳ್ದ. ಇನ್ನೂ ಮುಂದಿತ್ತು. ಮೊದಲೇ ಹೇಳಿಬರೋಣ ಅಂತ ಹೋಗಿದ್ದ."

ವೇದವಲ್ಲಿ ಕಣ್ಣು ಮಿಟುಕಿಸಿ ಕಿಟಕಿಯತ್ತ ನೋಡಿದಳು. ಗೋಡೆ, ಗೋಡೆಯ ಮೇಲೆ ಒಂದಿಷ್ಟು ಬೂದು ಆಕಾಶ. ಸಂಕ್ರಾಂತಿಗೆ ಇಬ್ಬರು ಕನ್ನಡದವರು ಸಿಕ್ಕಾರೆಂದು ಖಾಲಿ ಮನೆಗಳ ಬಾಗಿಲು ತಟ್ಟಿದವನು. ಬೇರೆ ಯಾರೂ ತಟ್ಟುತ್ತಿರಲಿಲ್ಲ. ಒಂಟಿತನ ತಡೆಯಲಾರದೆ ಅವನು ಕಂಡುಹಿಡಿದದ್ದನ್ನು ಊರು ಊರೇ ಸೇರಿ ಮುಚ್ಚಿಟ್ಟಿತ್ತು.

"ನೀವೇನು ಹೇಳಿದ್ರಿ?"

"ಅವನಿಗೆ ಏನೂ ಹೇಳಲಿಲ್ಲ. ಉಮಾ ಸಾನ್‌ಗೆ ಹೇಳಿದೆ."

"ಯಾರು?"

"ಮುದ್ರೆ ತಂದುಕೊಡೋನು. ಕಾರ್ಖಾನೆಗೆ ಆಳು ಒದಗಿಸ್ತಾನೆ. ನಿಮ್ಮ ದೇಶದೋನೇ. ಬಂದಾಗೆಲ್ಲ ಬಗ್ಗಿ ನಮಸ್ಕಾರ ಮಾಡ್ತಾನೆ, ಸಿಹಿ ತರ್ತಾನೆ."

ಉಮಾಶಂಕರ್. ವೇದವಲ್ಲಿ ಅವನನ್ನು ಬಲ್ಲಳು. ಟೋಕಿಯೋದ ಎಡೋಗಾವಾದಲ್ಲಿ ಕನ್ನಡದವರು ಸೇರುವ ರಾಜ್ಯೋತ್ಸವಕ್ಕೆ ತಪ್ಪದೆ ಬರುವವನು. ಬಿಸಿಬೇಳೆಭಾತಿನ ಪಾತ್ರೆಯ ಹಿಂದೆ ನಿಂತು, "ಇನ್ನೊಂದ್ ಸೌಟು ಹಾಕಿಸ್ಕೊಳಿ ಮೇಡಂ," ಎನ್ನುವವನು. ಕೆಲಸ ಕಳಕೊಂಡ ಹುಡುಗರಿಗೆಲ್ಲ ಅವನ ನಂಬರು ಕೊಡುತ್ತಿದ್ದರು. ಇವಳೂ ಇಬ್ಬರಿಗೆ ಕೊಟ್ಟಿದ್ದಳು.

ಓಕುದಾ ಸಾನ್ ಎದ್ದು ದೇವರ ಗೂಡಿನ ಕೆಳಗಿನ ಡ್ರಾಯರಿನಿಂದ ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲೆ ಮಗುಚಿದಳು. ಬೆರಳುದ್ದದ ಮುದ್ರೆಗಳು ಉರುಳಿದವು. ಜಪಾನಿ ಹೆಸರಿನದಾದರೆ ಸ್ಟೇಷನರಿ ಅಂಗಡಿಯಲ್ಲೇ ಸಿದ್ಧ ಮುದ್ರೆ ಸಿಗುತ್ತದೆ. ಪರದೇಶಿ ಹೆಸರಿನದನ್ನು ಬರೆದುಕೊಟ್ಟೇ ಕೆತ್ತಿಸಬೇಕು. ಹನ್ನೊಂದು ಒಂದೇ ಅಚ್ಚಿನವು, ಒಂದೇ ಕಪ್ಪು ಪ್ಲಾಸ್ಟಿಕ್ಕು, ಒಂದೇ ಕೈ ಕೆತ್ತಿದ್ದು.

ಹನ್ನೆರಡನೆಯದು ಮರದ್ದು. ಹಿಡಿಯುವ ಜಾಗ ಎಣ್ಣೆಗೈಯಿಂದ ಕಪ್ಪಾಗಿತ್ತು. ಅಂಚಿನಲ್ಲಿ ಹಳೆ ಶಾಯಿ ಕಟ್ಟಿಕೊಂಡಿತ್ತು. ಇದು ಕೆತ್ತಿಸಿ ತಂದದ್ದಲ್ಲ. ಸಿದ್ದಪ್ಪ ತನ್ನ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದುದು.

"ಇದು ಯಾವಾಗ ಬಂತು?"

"ಉಮಾ ಸಾನ್‌ಗೆ ಹೇಳಿದ ಮೂರನೇ ದಿನಕ್ಕೆ. ‘ಸಿದ್ದಾ ಬೇರೆ ಕೆಲಸಕ್ಕೆ ಹೋಗಿದಾನೆ, ಬರೋವರೆಗೆ ನೀವೇ ಒತ್ತಿ,’ ಅಂದ."

"ನೀವು ನಂಬಿದ್ರಿ."

"ನಂಬಿದೆ ಅಂತ ನನಗೆ ನಾನೇ ಹೇಳ್ಕೊಂಡೆ."

ವೇದವಲ್ಲಿ ಚೀಲದಿಂದ ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನೇ ಬರೆದುಕೊಡಿ. ಐದು ವಾರದ ಮುದ್ರೆ ನಿಮ್ಮದು, ಅವನದಲ್ಲ ಅಂತ. ನಿಮ್ಮ ಕೈಬರಹ ಇದ್ರೆ ಪೊಲೀಸರು ಇವತ್ತೇ ಹುಡುಕಲೇಬೇಕು. ಇಲ್ಲದಿದ್ರೆ ಅವನು ಕಾಣೆಯಾಗೇ ಇಲ್ಲ ಅಂತಲೇ ಲೆಕ್ಕ."

"ಬರೆದ್ರೆ ಹನ್ನೆರಡು ಹೆಸರೂ ಹೋಗುತ್ತೆ."

"ಹೋಗುತ್ತೆ."

"ಆಸ್ಪತ್ರೆಯೂ."

"ಅದೂ ಹೋಗಬಹುದು. ನಾನು ಸುಳ್ಳು ಹೇಳಲ್ಲ."

ಮುದುಕಿ ಹಾಳೆ ನೋಡುತ್ತ ಕೂತಳು. ಕಾಗದದ ಬಾಗಿಲಾಚೆಯಿಂದ ಒಣಗಿದ ದನಿಯೊಂದು ಬಂತು.

"ಬರಿಯೇ."

"ನೀವು ಸುಮ್ನೆ ಮಲಗಿ."

"ಮಲಗೇ ಇದೀನಲ್ಲ, ನಾಲ್ಕು ವರ್ಷದಿಂದ. ಆ ಹುಡುಗ ನನ್ನ ಮಂಚ ಕಿಟಕಿ ಹತ್ರಕ್ಕೆ ತಳ್ಳೋ ಹಾಗೆ ಮಾಡಿಕೊಟ್ಟ. ಬರಿ."

ಓಕುದಾ ಸಾನ್ ಕನ್ನಡಕ ಹಾಕಿಕೊಂಡಳು. ನಿಧಾನವಾಗಿ, ಹಳೇ ಕಾಲದ ದುಂಡಕ್ಷರದಲ್ಲಿ ಒಂಬತ್ತು ಸಾಲು ಬರೆದಳು. ಕೊನೆಗೆ ತನ್ನದೇ ಮುದ್ರೆ ಒತ್ತಿದಳು. ವೇದವಲ್ಲಿ ಶಾಯಿ ಆರಲೆಂದು ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಬೀಸಿದಳು. ಐದು ವಾರದಲ್ಲಿ ಸಿದ್ದಪ್ಪನ ಪರವಾಗಿ ಈ ದೇಶದಲ್ಲಿ ಬರೆದ ಮೊದಲ ಕಾಗದ.

"ನೀವು ಎಲ್ಲ ಕೇಳಿದ್ರಿ, ಇದೊಂದು ಕೇಳಲಿಲ್ಲ," ಎಂದು ಮುದುಕಿ ಅಂಗಿಯ ಜೇಬಿಗೆ ಕೈ ಹಾಕಿದಳು. "ಹೋದ ಸೋಮವಾರ ಇನ್ನೊಂದು ತಂದುಕೊಟ್ಟ. ಹದಿಮೂರನೇದು. ಈ ಸಲ ಹೆಣ್ಣು ಹೆಸರು. ಒಂದನೇ ತಾರೀಖಿನಿಂದ ಒತ್ತಬೇಕಂತೆ."

ಹೊಸ ಕಪ್ಪು ಪ್ಲಾಸ್ಟಿಕ್ಕು. ಶಾಯಿಯನ್ನೇ ಕಾಣದ ಮೈ. ವೇದವಲ್ಲಿ ತುದಿಯನ್ನು ಬೆಳಕಿಗೆ ಹಿಡಿದಳು. ಎರಡೇ ಅಕ್ಷರ.

ತಾರಾ.

ಕಿವಿಯಲ್ಲಿ ಕಡಲು ಹತ್ತಿರ ಬಂದಂತಾಯಿತು. ಮೂರು ವಾರದ ಹಿಂದೆ ತಾರಾ ಹೇಳಿದ್ದ ಮಾತು ಈಗ ಮೈಯೆಲ್ಲ ಹರಿದಾಡಿತು: ‘ಅಣ್ಣನ್ನ ಹುಡುಕೋಕೆ ಅರ್ಜಿ ಅಂತ ಯಾರೋ ಸರ್ ಒಂದ್ ಫಾರಂಗೆ ಸೈನ್ ಹಾಕಿಸ್ಕೊಂಡ್ರು ಅಕ್ಕ. ಜಪಾನೀಸ್‌ನಲ್ಲಿತ್ತು, ನಂಗ್ ಓದಕ್ಕಾಗ್ಲಿಲ್ಲ. ಆದ್ರೆ ನಮ್ಮೋರೇ, ಕನ್ನಡದೋರು.’ ಇನ್ನೊಬ್ಬರ ವಿಳಾಸ ಬದಲಿಸಲು ಅವರ ಸಹಿಯ ಒಪ್ಪಿಗೆ ಪತ್ರವೊಂದಿದ್ದರೆ ಸಾಕು. ಅರ್ಜಿಯೆಂದು ಹುಡುಗಿ ಕೊಟ್ಟದ್ದು ತನ್ನನ್ನೇ.

ಫೋನ್ ಎರಡನೇ ರಿಂಗಿಗೇ ಎತ್ತಿದಳು ತಾರಾ. ದನಿಯಲ್ಲಿ ಐದು ವಾರದಲ್ಲಿ ಇಲ್ಲದಿದ್ದ ಲವಲವಿಕೆ.

"ಅಕ್ಕಾ, ನಾನೇ ಮಾಡ್ಬೇಕು ಅಂತಿದ್ದೆ. ಅಲ್ಲಿಗೇ ಬರ್ತಾ ಇದೀನಿ. ಸರ್‌ಪ್ರೈಸ್ ಕೊಡೋಣ ಅಂತ."

"ಎಲ್ಲಿದೀಯಾ? ಟ್ರೇನಲ್ಲಾ?"

"ಕಾರಲ್ಲಿ ಅಕ್ಕ. ನೆನ್ನೆ ನೀವು ಸ್ಟಾಂಪ್ ನೋಡ್ದೆ ಅಂದ್ರಲ್ಲ, ತಡ್ಕೊಳಕ್ಕಾಗ್ಲಿಲ್ಲ. ಉಮಾಶಂಕರ್ ಸರ್‌ಗೆ ಫೋನ್ ಮಾಡ್ದೆ. ಪಾಪ, ಆಫೀಸ್‌ಗೆ ರಜಾ ಹಾಕಿ ಕರ್ಕೊಂಡ್ ಬರ್ತಾ ಇದಾರೆ. ಇನ್ನೇನ್ ಬಂದ್ಬಿಟ್ವಿ, ಸಮುದ್ರ ಕಾಣ್ತಾ ಇದೆ."

ವೇದವಲ್ಲಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಮಾಮೂಲಿ ದನಿಯಲ್ಲೇ ಕೇಳಿದಳು.

"ಸಮುದ್ರ ನಿಂಗೆ ಯಾವ ಕಡೆ ಇದೆ, ತಾರಾ?"

"ಎಡಗಡೆ. ಯಾಕಕ್ಕ?"

ಟೋಕಿಯೋದಿಂದ ಹಮಾಕುರೆಗೆ ಬರುವ ರಸ್ತೆ ಒಂದೇ, ಕರಾವಳಿಯ ಗುಂಟ ನೇರ ಉತ್ತರಕ್ಕೆ. ಆ ದಾರಿಯಲ್ಲಿ ಬರುವವರಿಗೆ ಕಡಲು ಹೆಜ್ಜೆಹೆಜ್ಜೆಗೂ ಬಲಕ್ಕೆ. ಎಡಕ್ಕೆ ಕಾಣುತ್ತಿದ್ದರೆ ಕಾರು ಇಲ್ಲಿಗೆ ಬರುತ್ತಿಲ್ಲ.

"ತಾರಾ, ನಾನು ಹೇಳೋದನ್ನ ಸುಮ್ನೆ ಕೇಳ್ಕೋ. ಹೊಟ್ಟೆ ತೊಳಸ್ತಿದೆ, ದಾರೀಲಿ ಸಿಗೋ ಕೊಂಬಿನಿ ಅಂಗಡಿ ಹತ್ರ ನಿಲ್ಲಿಸಿ ಅನ್ನು. ಇಳಿದು ಅಂಗಡಿ ಒಳಗೆ ಹೋಗು, ಹೊರಗೆ ಬರಬೇಡ..."

ಆ ಕಡೆ ಫೋನು ಕೈ ಬದಲಾಯಿಸಿದ ಸರಸರ ಸದ್ದು. ಆಮೇಲೆ, ಬಿಸಿಬೇಳೆಭಾತಿನ ಪಾತ್ರೆಯ ಹಿಂದಿನ ಅದೇ ನಯವಾದ ದನಿ.

"ನಮಸ್ಕಾರ ಮೇಡಂ. ಊಟ ಆಯ್ತಾ?"